ಎದುರು ಓದುವವಳು

ಲೆನೋರಳ ಮೆಸೇಜು ಬಂದಾಗ ಡೆಲ್ಮಿ ಒಲೆಯ ಮುಂದೆ ನಿಂತು ಬಾಳೆಹಣ್ಣಿನ ಹೋಳು ಕರಿಯುತ್ತಿದ್ದಳು. ಸದ್ದು ಮಾಡಿದ್ದು ಅವಳ ಮೊಬೈಲಲ್ಲ, ಶುಶಾನಳದು. ಇಬ್ಬರಿಗೂ ಏಜೆಂಟ್ ಒಬ್ಬಳೇ, ಈ ಲೆನೋರ್. ಇಬ್ಬರ ಫೋಟೊವನ್ನೂ ಆಕೆ ಒಂದೇ ದಿನ, ಒಂದೇ ಪಾತ್ರಕ್ಕೆ ಕಳಿಸಿದ್ದಳು. ಒಬ್ಬಳ ಮೊಬೈಲು ಸದ್ದು ಮಾಡಿ ಇನ್ನೊಬ್ಬಳದು ಸುಮ್ಮನಿದ್ದರೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಡೆಲ್ಮಿ ಕೈ ಒರೆಸಿಕೊಂಡು ತನ್ನ ಮೊಬೈಲನ್ನು ಒಮ್ಮೆ ತೆಗೆದು ನೋಡಿದಳು. ಅಮ್ಮ ಯಾರದೋ ಮಗುವಿನ ನಾಮಕರಣದ ಫೋಟೊ ಕಳಿಸಿದ್ದಳು, ಅಷ್ಟೇ.

"ನಟಿಸಿ ಟೇಪು ಕಳಿಸೋಕೆ ಹೇಳಿದಾರೆ ಕಣೇ," ಅಂದಳು ಶುಶಾನ್, ಬಚ್ಚಲುಮನೆ ಬಾಗಿಲಲ್ಲಿ ಹಲ್ಲುಜ್ಜುವ ಬ್ರಷ್ ಹಿಡಿದುಕೊಂಡೇ. "ಆ ತಂಗಿ ಪಾತ್ರಕ್ಕೆ. ನಾಳೆ ಸಂಜೆಯೊಳಗೆ. ನಿನಗೂ ಬಂತಾ?"

"ಇಲ್ಲ."

"ಬರುತ್ತೆ ಬಿಡು. ಒಬ್ಬೊಬ್ಬರಿಗೇ ಕಳಿಸ್ತಿರ್ತಾರೆ."

"ಹೂಂ. ಅಕ್ಷರಮಾಲೆ ಪ್ರಕಾರ," ಅಂದಳು ಡೆಲ್ಮಿ.

ಅಕ್ಷರಮಾಲೆಯಲ್ಲಿ ಡೆಲ್ಮಿ ಮೊದಲು ಬರುತ್ತಾಳೆ ಎಂಬುದು ಇಬ್ಬರಿಗೂ ಹೊಳೆಯಿತು. ಬಾಳೆಹಣ್ಣು ಒಂದು ಕಡೆ ಸೀದಿತ್ತು. ಡೆಲ್ಮಿ ಸೀದ ಹೋಳುಗಳನ್ನೆಲ್ಲ ಆರಿಸಿ ಶುಶಾನಳ ತಟ್ಟೆಗೆ ಹಾಕಿದಳು. ಬೇಕೆಂದೇ ಹಾಕಿದ್ದಲ್ಲ, ಕೈ ತಾನಾಗಿ ಹಾಗೆ ಮಾಡಿತು. ಹೊಟ್ಟೆಕಿಚ್ಚಿನ ಮೊದಲ ಕೆಲಸ ಯಾವಾಗಲೂ ಕೈ ಮಾಡುತ್ತದೆ, ಬುದ್ಧಿಗೆ ಆಮೇಲೆ ಗೊತ್ತಾಗುತ್ತದೆ.

ಅವರಿಬ್ಬರು ಮೊದಲು ಪರಿಚಯವಾದದ್ದು ಬರ್ಬ್ಯಾಂಕಿನ ಒಂದು ಸ್ಟುಡಿಯೊದ ಆಡಿಷನ್ ಕಾರಿಡಾರಿನಲ್ಲಿ. ಅಲ್ಲಿ ಕುರ್ಚಿ ಸಾಲಿನುದ್ದಕ್ಕೂ ಕೂತವರೆಲ್ಲ ಕಪ್ಪು ಕೂದಲು, ಗೋಧಿ ಬಣ್ಣ, ಕಪ್ಪು ಕಣ್ಣಿನ ಹುಡುಗಿಯರೇ. ಒಂದೇ ತಾಯಿ ಹೆತ್ತು ಬೇರೆ ಬೇರೆ ಊರಿನಲ್ಲಿ ಬಿಟ್ಟುಬಂದ ಹಾಗಿದ್ದರು. ಡೆಲ್ಮಿಯ ಅಪ್ಪ ಅಮ್ಮ ಎಲ್ ಸಾಲ್ವಡಾರಿನವರು, ಅವಳು ಹುಟ್ಟಿದ್ದು ಇಲ್ಲೇ, ಲಾಸ್ ಏಂಜಲೀಸಿನಲ್ಲಿ. ಶುಶಾನ್ ಅರ್ಮೇನಿಯದಿಂದ ಆರು ವರ್ಷದವಳಿದ್ದಾಗ ಬಂದವಳು. ಆದರೆ ಪಾತ್ರ ಹಂಚುವವರ ಲೆಕ್ಕದಲ್ಲಿ ಇಬ್ಬರೂ ಒಂದೇ ಡಬ್ಬದ ಸಾಮಾನು. ಅರಬ್ಬಿ ವಿಧವೆ, ಮೆಕ್ಸಿಕೊದ ಕೆಲಸದಾಕೆ, ಗ್ರೀಕ್ ನರ್ಸು, ಬಾಂಬು ಇಟ್ಟವನ ಅಕ್ಕ, ಎಲ್ಲಕ್ಕೂ ಇಬ್ಬರನ್ನೂ ಕರೆಯುತ್ತಿದ್ದರು. ಎಲ್ ಸಾಲ್ವಡಾರಿನವಳ ಪಾತ್ರ ಬಂದಾಗ ಶುಶಾನಳನ್ನು ಕರೆದರು. ಅರ್ಮೇನಿಯದವಳ ಪಾತ್ರ ಬಂದಾಗ ಇಬ್ಬರನ್ನೂ ಬಿಟ್ಟು ಕೆಂಪು ಕೂದಲಿನ ಯಾರಿಗೋ ಕೊಟ್ಟು, ಕೂದಲಿಗೆ ಕಪ್ಪು ಹಚ್ಚಿದರು.

ಅವತ್ತು ಆ ಕಾರಿಡಾರಿನಲ್ಲಿ ನಗುನಗುತ್ತಾ ಶುರುವಾದ ಸ್ನೇಹ ಒಂದು ಮನೆ, ಒಂದು ಅಡಿಗೆ, ಒಂದು ಒಪ್ಪಂದದವರೆಗೂ ಬೆಳೆದಿತ್ತು. ಒಪ್ಪಂದ ಇಷ್ಟೇ: ಒಬ್ಬಳು ಟೇಪು ಮಾಡುವಾಗ ಇನ್ನೊಬ್ಬಳು ಎದುರು ಓದಬೇಕು. ಈ ಊರಿನಲ್ಲಿ ಈಗ ಯಾರೂ ಖುದ್ದಾಗಿ ಕರೆಯುವುದಿಲ್ಲ. ಮನೆಯಲ್ಲೇ ಗೋಡೆಗೆ ಹಾಸಿಗೆ ಬಟ್ಟೆ ಕಟ್ಟಿ, ದುಂಡನೆಯ ದೀಪ ಹಚ್ಚಿ, ಮೊಬೈಲಿನ ಮುಂದೆ ನಟಿಸಿ ಕಳಿಸಬೇಕು. ಎದುರು ಪಾತ್ರದ ಮಾತು ಹೇಳಲು ಮೊಬೈಲಿನ ಪಕ್ಕ ಇನ್ನೊಬ್ಬರು ಬೇಕು. ಆಕೆಯ ಮುಖ ಕಾಣಬಾರದು, ದನಿ ಮಾತ್ರ ಕೇಳಬೇಕು. ಜ್ವರವಿರಲಿ, ಜಗಳವಿರಲಿ, ಪಾತ್ರ ತನಗೂ ಬೇಕಾದದ್ದೇ ಇರಲಿ, ಓದಲ್ಲ ಎನ್ನುವಂತಿಲ್ಲ.

"ನೀನೇ ಓದಬೇಕು ಕಣೇ," ಅಂದಳು ಶುಶಾನ್. "ನೀನಿಲ್ದೆ ನನ್ನ ಕೈಲಾಗಲ್ಲ."

"ಇನ್ಯಾರು ಓದ್ತಾರೆ ಮತ್ತೆ, ನಿಮ್ಮ ವಾರ್ತ್‌ಕೆಸ್ ಮಾಮನಾ?" ಅಂದಳು ಡೆಲ್ಮಿ. ಶುಶಾನಳ ಸೋದರಮಾವ ವಾರ್ತ್‌ಕೆಸ್‌ನದು ರಸ್ತೆ ತುದಿಯಲ್ಲಿ ಬ್ರೆಡ್ಡು ಸುಡುವ ಅಂಗಡಿ. ಶುಶಾನ್ ಬೆಳಿಗ್ಗೆ ಅಲ್ಲಿ ಗಲ್ಲಾದಲ್ಲಿ ಕೂರುತ್ತಿದ್ದಳು. ಡೆಲ್ಮಿಯ ಸಂಪಾದನೆ ಇನ್ನೂ ವಿಚಿತ್ರದ್ದು. ಒಂದು ಆಸ್ಪತ್ರೆಯಲ್ಲಿ ಡಾಕ್ಟರಿಕೆ ಕಲಿಯುವ ಮಕ್ಕಳ ಮುಂದೆ ರೋಗಿಯಾಗಿ ನಟಿಸುವುದು. ಸೋಮವಾರ ಹೊಟ್ಟೆನೋವು, ಬುಧವಾರ ಗರ್ಭಪಾತ. ಒಮ್ಮೆ ಒಬ್ಬ ಹುಡುಗ ಅವಳ ಕೈ ಹಿಡಿದು ಅತ್ತುಬಿಟ್ಟು, ಪರೀಕ್ಷೆಯಲ್ಲಿ ಫೇಲಾಗಿದ್ದ.

ಅಷ್ಟು ಚೆನ್ನಾಗಿ ನಟಿಸುವವಳು ಡೆಲ್ಮಿ. ನೋಡಿದವರೆಲ್ಲ ಹೇಳುತ್ತಿದ್ದರು, ಶುಶಾನ್ ಸಹ ಹೇಳುತ್ತಿದ್ದಳು, ಅದೂ ಮನಸಾರೆ. ಶುಶಾನ್ ಕೆಟ್ಟ ನಟಿಯಲ್ಲ. ಆದರೆ ಅವಳ ಕಣ್ಣೀರಿಗೆ ಕಟ್ಟೆಯಿಲ್ಲ. ಎದುರಿನವರ ದನಿ ಒಂಚೂರು ನಡುಗಿದರೆ ಸಾಕು, ಇವಳು ಧಾರಾಕಾರ. ಆ ಅಳುವಿನಿಂದಲೇ ಎಷ್ಟೋ ಪಾತ್ರ ಕಳೆದುಕೊಂಡಿದ್ದಳು. ಅಂಥವಳನ್ನು ಕರೆದು ನನ್ನನ್ನು ಬಿಟ್ಟರಲ್ಲ, ಎಂದು ಡೆಲ್ಮಿಗೆ ಆ ರಾತ್ರಿಯೆಲ್ಲ ಮಗ್ಗುಲಲ್ಲಿ ಮುಳ್ಳು. ಯಾರೋ ಗುರುತಿಲ್ಲದವಳಿಗೆ ಸಿಕ್ಕಿದ್ದರೆ ಶಾಪ ಹಾಕಿ ಮಲಗಬಹುದಿತ್ತು. ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುವವಳಿಗೆ ಸಿಕ್ಕಿದರೆ ಏನು ಮಾಡಬೇಕು?

ಬೆಳಗಾಗುವಷ್ಟರಲ್ಲಿ ಏನು ಮಾಡಬೇಕೆಂದು ಅವಳಿಗೆ ತಿಳಿದಿತ್ತು.

ದೃಶ್ಯ ಚಿಕ್ಕದು. ತಂಗಿಯೊಬ್ಬಳು ಜೈಲಿನಿಂದ ಬಿಡುಗಡೆಯಾಗಿ ಅಕ್ಕನ ಮನೆಗೆ ಬರುತ್ತಾಳೆ. ಅವಳ ಮಗಳನ್ನು ಇಷ್ಟು ವರ್ಷ ಸಾಕಿದವಳು ಅಕ್ಕ. ತಂಗಿಗೆ ನಾಲ್ಕು ಮಾತು. ಅಕ್ಕನಿಗೆ ಮೂರೇ ಮಾತು.

ಶುಶಾನ್ ಹಾಸಿಗೆ ಬಟ್ಟೆಯ ಮುಂದೆ ನಿಂತು ತನ್ನ ಹೆಸರು, ಎತ್ತರ ಹೇಳಿದಳು. ಎಡಕ್ಕೆ, ಬಲಕ್ಕೆ ತಿರುಗಿ ತೋರಿಸಿದಳು. ಹೊರಗೆ ತೋಟದವನು ಒಣಗಿದ ಎಲೆ ಊದಿ ಗುಡಿಸುವ ಗದ್ದಲದ ಯಂತ್ರ ಶುರು ಮಾಡಿದ. ಇಬ್ಬರೂ ಕಾದರು. ಈ ಊರಿನಲ್ಲಿ ಎಷ್ಟು ಜನರ ಭಾಗ್ಯವನ್ನು ಆ ಯಂತ್ರ ಊದಿ ಹಾರಿಸಿದೆಯೋ. ಅದು ನಿಂತ ಮೇಲೆ ಡೆಲ್ಮಿ ಗುಂಡಿ ಒತ್ತಿದಳು.

"ಅವಳಿಗೆ ನನ್ನ ನೆನಪಿದೆಯಾ?" ಕೇಳಿದಳು ಶುಶಾನ್, ತಂಗಿಯಾಗಿ.

"ಮಲಗಿದ್ದಾಳೆ," ಅಂದಳು ಡೆಲ್ಮಿ. ಬಸ್ ನಿಲ್ದಾಣದಲ್ಲಿ ಬಸ್ಸಿನ ನಂಬರು ಕೂಗುವವರ ದನಿ. ಅದರಲ್ಲಿ ಪ್ರೀತಿಯಿರಲಿ, ಕೋಪವೂ ಇರಲಿಲ್ಲ. ಹಿಡಿದುಕೊಳ್ಳಲು ಒಂದು ಎಳೆಯೂ ಸಿಗದ ಹಾಗೆ, ನುಣ್ಣಗೆ ತೊಳೆದಿಟ್ಟ ದನಿ.

"ಎಬ್ಬಿಸಲ್ಲ. ಬಾಗಿಲಲ್ಲೇ ನಿಂತು ನೋಡ್ತೀನಿ."

"ನೀರು ಕೊಡ್ಲಾ?"

"ಅಕ್ಕಾ."

ಇಲ್ಲಿ ಶುಶಾನ್ ಅಳಬೇಕು. ಹಿಡಿಯಲು ಏನೂ ಸಿಗದೆ, ಬಲವಂತದಿಂದ ಅಳಲು ಹೋಗಿ ಕೆಡಿಸಿಕೊಳ್ಳುತ್ತಾಳೆ ಎಂದು ಡೆಲ್ಮಿ ಕಾದಿದ್ದಳು. ಶುಶಾನ್ ಅವಳ ಮುಖ ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ. ಕಣ್ಣಂಚಿಗೆ ಬಂದ ನೀರು ಬರುವುದೋ ಬೇಡವೋ ಎಂದು ಅಲ್ಲೇ ನಿಂತು, ಹಿಂದಕ್ಕೆ ಹೋಯಿತು.

"ಬಸ್ಸು ಆರಕ್ಕೆ," ಅಂದಳು ಡೆಲ್ಮಿ.

ಶುಶಾನ್ ಸಣ್ಣಗೆ ನಕ್ಕಳು. ಕೇಳಬಾರದ್ದನ್ನು ಕೇಳಿ ಸಿಕ್ಕಿಬಿದ್ದವರ ನಗೆ. "ಆಯ್ತು," ಅಂದಳು. "ನೀರು ಕೊಡು." ಆ ಮನೆಯಿಂದ ಅದೊಂದಾದರೂ ದಕ್ಕಲಿ ಎನ್ನುವ ಹಾಗೆ.

ಡೆಲ್ಮಿ ಗುಂಡಿ ಒತ್ತಿ ನಿಲ್ಲಿಸಿದಳು. ನಟನೆ ಗೊತ್ತಿರುವವಳಿಗೆ ತಾನು ಏನು ನೋಡಿದೆ ಎಂದು ಯಾರೂ ಹೇಳಿಕೊಡಬೇಕಿಲ್ಲ. ಇಷ್ಟು ವರ್ಷದಲ್ಲಿ ಶುಶಾನ್ ಇಷ್ಟು ಚೆನ್ನಾಗಿ ಮಾಡಿದ್ದು ಇದೇ ಮೊದಲು. ಕೆಡಿಸಲು ಎಸೆದ ಕಲ್ಲು ನೆಟ್ಟಗೆ ಹೋಗಿ ಮಾವಿನಹಣ್ಣನ್ನೇ ಉದುರಿಸಿ, ಅವಳ ಮಡಿಲಿಗೇ ಹಾಕಿತ್ತು.

"ಚೆನ್ನಾಗಿ ಬರಲಿಲ್ಲ ಅಲ್ವಾ?" ಅಂದಳು ಶುಶಾನ್. "ಅಳುನೇ ಬರಲಿಲ್ಲ ಕಣೇ. ಇನ್ನೊಂದು ಮಾಡೋಣ್ವಾ?"

ಮಾಡೋಣ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎರಡನೆಯದರಲ್ಲಿ ಅತ್ತು, ಅದನ್ನೇ ಕಳಿಸಿರುತ್ತಿದ್ದಳು. ಅಷ್ಟರಲ್ಲಿ ಹೊರಗೆ ಎಲೆ ಊದುವವನು ಮತ್ತೆ ಶುರು ಮಾಡಿದ. ಡೆಲ್ಮಿಗೆ ಆಸ್ಪತ್ರೆಗೆ ಹೊತ್ತಾಗಿತ್ತು. ಶುಶಾನ್ ಇದ್ದದ್ದನ್ನೇ ಕಳಿಸಿದಳು.

ವಾರ ಕಳೆಯುವಷ್ಟರಲ್ಲಿ ಲೆನೋರಳೇ ಫೋನು ಮಾಡಿದಳು. ಲೆನೋರ್ ಫೋನು ಮಾಡುವುದೆಂದರೆ ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಸಹ ಅಲ್ಲ.

"ನಿರ್ದೇಶಕರು ನಿನ್ನ ಟೇಪನ್ನ ಮೂರು ಸಲ ನೋಡಿದ್ರಂತೆ ಮಗಳೇ," ಅಂದಿತು ಸ್ಪೀಕರಿನಲ್ಲಿ ಆಕೆಯ ಸಿಗರೇಟಿನ ದನಿ. "ಅದೇ ದೃಶ್ಯ ಇನ್ನೊಂದು ಸಲ ಬೇಕಂತೆ, ಹತ್ತಿರದಿಂದ, ಮುಖ ಮಾತ್ರ. ಏನೂ ಬದಲಾಯಿಸಬೇಡ. ಕೂದಲು ಬಾಚೋದು ಕೂಡ ಹಾಗೇ ಇರಲಿ. ಎದುರು ಓದಿದ್ದು ಯಾರು?"

ಡೆಲ್ಮಿ ಮೊಬೈಲಿನ ಕಡೆಗೆ ಬಾಗಿದಳು.

"ನಮ್ಮ ಡೆಲ್ಮಿ," ಅಂದಳು ಶುಶಾನ್.

"ಹೌದಾ. ಮೈಕಿಗೆ ಸ್ವಲ್ಪ ದೂರ ಕೂತ್ಕೋ ಅಂತ ಹೇಳು, ದನಿ ಜಾಸ್ತಿ ಬಂದಿದೆ," ಅಂದು ಲೆನೋರ್ ಫೋನಿಟ್ಟಳು.

ಶುಶಾನ್ ಬಂದು ಡೆಲ್ಮಿಯನ್ನು ತಬ್ಬಿಕೊಂಡಳು. ಅವಳ ಮೈಯಿಂದ ಬೆಣ್ಣೆ, ಸುಟ್ಟ ಎಳ್ಳಿನ ವಾಸನೆ. "ನಿನ್ನಿಂದಲೇ ಕಣೇ ಇದು," ಅಂದಳು. ಅದು ನಿಜವೇ ಆಗಿತ್ತಲ್ಲ, ಅದೇ ಸುಡುತ್ತಿದ್ದದ್ದು.

ಆ ಸಂಜೆ ಅಮ್ಮ ಫೋನು ಮಾಡಿದಳು. ಅಮ್ಮ ವರ್ಮಾಂಟ್ ರಸ್ತೆಯಲ್ಲಿ ಗಾಡಿಯಿಟ್ಟು, ತಮ್ಮೂರಿನ ಜೋಳದ ರೊಟ್ಟಿ ಪುಪೂಸಾ ತಟ್ಟುತ್ತಾಳೆ. ಮಾತಿನ ಹಿಂದೆ ಅಂಗೈಯ ಪಟಪಟ ಕೇಳುತ್ತಲೇ ಇರುತ್ತದೆ.

"ಆ ಅರ್ಮೇನಿಯದ ಹುಡುಗಿಗೆ ಸಿನಿಮಾ ಸಿಕ್ತಂತೆ?"

"ಸಿಕ್ಕಿಲ್ಲಮ್ಮಾ. ಇನ್ನೊಂದು ಟೇಪು ಕೇಳಿದಾರೆ."

"ನಿನ್ನನ್ನ ಯಾಕೆ ಕೇಳಲಿಲ್ಲ?"

"ನನಗೇನು ಗೊತ್ತು."

"ಚರ್ಚಲ್ಲಿ ನಿಮ್ಮತ್ತೆ ಪ್ರತಿ ಭಾನುವಾರ ಕೇಳ್ತಾಳೆ. ಆಸ್ಪತ್ರೆಯಲ್ಲಿ ಕೆಲಸ ಅಂದಿದೀನಿ. ಡಾಕ್ಟ್ರು ಅಂದ್ಕೊಂಡು ಮೊನ್ನೆ ಮಂಡಿನೋವಿಗೆ ಮಾತ್ರೆ ಕೇಳಿದ್ಲು."

"ಕೊಡಬೇಕಿತ್ತು."

"ತಮಾಷೆ ಮಾಡು ಮಗಳೇ, ಮಾಡು. ಆ ಹುಡುಗಿ ಒಳ್ಳೇದೇ, ನಾನು ಇಲ್ಲ ಅನ್ನಲ್ಲ. ಆದ್ರೆ ನೀನು ಶಾಲೆ ನಾಟಕದಲ್ಲಿ ಸತ್ತಾಗ ನಾನು ಎದ್ದು ಓಡಿಬಂದಿದ್ದೆ. ಅವಳು ಸತ್ರೆ ನಾನು ಕೂತಲ್ಲಿಂದ ಏಳಲ್ಲ."

ಫೋನಿಟ್ಟ ಮೇಲೆ ಡೆಲ್ಮಿ ಯೋಚಿಸುತ್ತಾ ಕೂತಳು. ಅವರಿಗೆ ಬೇಕಾದದ್ದು ಅದೇ ಟೇಪು, ಅದೇ ಥರ. ಅಂದರೆ ಎದುರು ದನಿಯೂ ಹಾಗೇ ಸತ್ತಿರಬೇಕು. ಸತ್ತ ದನಿಯಲ್ಲಿ ಓದಿದರೆ ಶುಶಾನಳಿಗೆ ಪಾತ್ರ ಸಿಗುತ್ತದೆ. ಜೀವ ತುಂಬಿ ಓದಿದರೆ ಅವಳು ಅಳುತ್ತಾಳೆ, ಕೆಡುತ್ತದೆ. ಗೆಳತಿಗಾಗಿ ಜೀವ ತುಂಬಿ ಓದಿದವಳ ಮೇಲೆ ಯಾರು ತಪ್ಪು ಹೊರಿಸುತ್ತಾರೆ? ಹೋದ ಸಲ ಕೆಟ್ಟದಾಗಿ ಓದಿದ್ದು ದ್ರೋಹವಾಗಿತ್ತು. ಈಗ ಚೆನ್ನಾಗಿ ಓದುವುದೇ ದ್ರೋಹ. ಅದರ ಜೊತೆಗೆ, ಒಳಗೊಳಗೇ ಇನ್ನೊಂದು ಆಸೆಯೂ ಇತ್ತು. ಆ ನಿರ್ದೇಶಕ ಮೂರು ಸಲ ನೋಡುವ ಮನುಷ್ಯ. ಈ ಸಲ ನನ್ನ ದನಿಯನ್ನೂ ಕೇಳಲಿ.

ಮರುದಿನ ಮಧ್ಯಾಹ್ನ ಮೊಬೈಲನ್ನು ಶುಶಾನಳ ಮುಖದ ಹತ್ತಿರ ನಿಲ್ಲಿಸಿ, ಡೆಲ್ಮಿ ಒಂದು ಮಾರು ಹಿಂದೆ ಕೂತಳು.

"ಅವಳಿಗೆ ನನ್ನ ನೆನಪಿದೆಯಾ?"

"ಮಲಗಿದ್ದಾಳೆ," ಅಂದಳು ಡೆಲ್ಮಿ. ಆ ಒಂದು ಮಾತಿನಲ್ಲಿ ಆ ಅಕ್ಕ ಮಗುವಿನ ಜ್ವರಕ್ಕೆ ಕೂತ ರಾತ್ರಿಗಳಿದ್ದವು, ಯಾರಿಗೂ ಹೇಳದ ಹೆದರಿಕೆಯಿತ್ತು. "ನೀರು ಕೊಡ್ಲಾ?" ಎಂದಾಗ ಅದು ಕ್ಷಮಿಸಲಾರದವಳು ನೀಡಬಲ್ಲ ಕೊನೆಯ ಉಪಚಾರವಾಗಿತ್ತು. ತನ್ನ ದನಿ ತನಗೇ ಸುಖ ಕೊಡುವಷ್ಟು ಚೆನ್ನಾಗಿತ್ತು.

ಶುಶಾನ್ "ಅಕ್ಕಾ" ಎನ್ನುವ ಮೊದಲೇ ಗಲ್ಲ ಒದ್ದೆ. ಮೂಗು ಕೆಂಪು. "ತಡಿ, ತಡಿ. ಇನ್ನೊಂದು," ಅಂದಳು. ಇನ್ನೊಂದರಲ್ಲೂ ಅಷ್ಟೇ. ಮೂರನೆಯದರಲ್ಲಿ ಅರ್ಧಕ್ಕೇ ನಿಲ್ಲಿಸಿ, ತೋಳಿನಿಂದ ಮೂಗು ಒರೆಸಿಕೊಂಡು, ಡೆಲ್ಮಿಯನ್ನೇ ನೋಡುತ್ತಾ ನಿಂತಳು.

"ಏನೇ?" ಅಂದಳು ಡೆಲ್ಮಿ.

"ಇಷ್ಟು ಚೆನ್ನಾಗಿ ಓದೋಕೆ ಬರುತ್ತೆ ನಿನಗೆ."

"ಅಯ್ಯೋ, ಅದಕ್ಕೇನು."

"ಹಾಗಾದ್ರೆ ಹೋದ ಸಲ ಏನಾಗಿತ್ತು?"

"ಹೋದ ಸಲ ತಲೆನೋವಿತ್ತು."

"ತಲೆನೋವು ನೀನು ಹೇಗೆ ಮಾಡ್ತೀಯಾ ಅಂತ ನನಗೆ ಗೊತ್ತು. ನನ್ನ ಮುಂದೇನೇ ಅಭ್ಯಾಸ ಮಾಡಿದೀಯಾ. ಅದು ತಲೆನೋವಲ್ಲ."

ಹೊರಗೆ ಯಾರೋ ಕಾರಿನ ಹಾಡು ಜೋರು ಮಾಡಿಕೊಂಡು ಹೋದರು. ಡೆಲ್ಮಿಗೆ ಹತ್ತು ಸುಳ್ಳು ಹೊಳೆದವು, ಹತ್ತನ್ನೂ ನಂಬುವ ಹಾಗೆ ಹೇಳಬಲ್ಲವಳಾಗಿದ್ದಳು. ಆದರೆ ಎದುರಿಗಿದ್ದವಳು ಅದೇ ಕಸುಬಿನವಳು.

"ನಿನಗೆ ಸಿಗಬಾರದು ಅಂತ ಓದಿದೆ," ಅಂದಳು.

ಶುಶಾನ್ ಹಾಸಿಗೆ ಬಟ್ಟೆಗೆ ಒರಗಿದಳು. ಅದು ಒಂದು ಮೂಲೆಯಲ್ಲಿ ಪಿನ್ನು ಕಿತ್ತು ಜೋತುಬಿತ್ತು. "ಇವತ್ತು?"

"ಇವತ್ತೂ."

"ಇವತ್ತು ಚೆನ್ನಾಗಿ ಓದಿದ್ಯಲ್ಲೇ."

"ಚೆನ್ನಾಗಿ ಓದಿದ್ರೆ ನೀನು ಅಳ್ತೀಯಾ."

ಶುಶಾನ್ ಬೈದಿದ್ದರೆ ಡೆಲ್ಮಿ ತಿರುಗಿ ಬೈಯುತ್ತಿದ್ದಳು, ಅದಕ್ಕೆ ತಯಾರಾಗಿದ್ದಳು. ಶುಶಾನ್ ಬೈಯಲಿಲ್ಲ. ಹೋಗಿ ಮುಖ ತೊಳೆದುಕೊಂಡು ಬಂದಳು. ಜೋತ ಬಟ್ಟೆಗೆ ಮತ್ತೆ ಪಿನ್ನು ಚುಚ್ಚಿದಳು. ಕೂದಲನ್ನು ಮೊದಲಿದ್ದ ಹಾಗೆ ಕಿವಿಯ ಹಿಂದಕ್ಕೆ ಸರಿಸಿದಳು.

"ಇನ್ನೊಂದು ಸಲ," ಅಂದಳು. "ಮೊದಲು ಓದಿದ್ದ ಥರಾನೇ ಓದು."

"ಯಾವ ಥರ?"

"ನನಗೆ ಸಿಗಬಾರದು ಅಂತ."

ಡೆಲ್ಮಿ ಕಾಗದ ಹಿಡಿದುಕೊಂಡಳು. ಹೋದ ಸಲ ಆ ದನಿ ತಾನಾಗಿ ಬಂದಿತ್ತು, ನೆಲದಿಂದ ತಂಪು ಏರುವ ಹಾಗೆ. ಈಗ ಅದಿರಲಿಲ್ಲ. ಗಂಟಲಲ್ಲಿದ್ದದ್ದು ನಾಚಿಕೆ ಮಾತ್ರ, ಮತ್ತು ನಾಚಿಕೆಯ ದನಿ ನಡುಗುತ್ತದೆ. ನಡುಗಿದರೆ ಇವಳು ಅಳುತ್ತಾಳೆ. ಈಗ ಹೊಟ್ಟೆಕಿಚ್ಚನ್ನು ನಟಿಸಬೇಕಾಗಿತ್ತು. ತನ್ನದೇ ಹೊಟ್ಟೆಕಿಚ್ಚು, ಆದರೆ ಬೇರೆ ಯಾರದೋ ಸೀರೆಯನ್ನು ಅಳೆದು ನೋಡುವ ಹಾಗೆ, ಎಲ್ಲಿ ನಿರಿಗೆ, ಎಲ್ಲಿ ಅಂಚು ಎಂದು ನೋಡಿ ನೋಡಿ ಉಡಬೇಕಾಗಿತ್ತು. ಅವಳು ಉಟ್ಟಳು. ಗುಂಡಿ ಒತ್ತಿದಳು.

"ಮಲಗಿದ್ದಾಳೆ."

ಶುಶಾನ್ ಅವಳನ್ನು ನೋಡುತ್ತಿದ್ದಳು. ಎಲ್ಲ ತಿಳಿದ ಕಣ್ಣು. ಈ ಸಲ ಕಣ್ಣೀರು ಅಂಚಿನವರೆಗೂ ಬರಲಿಲ್ಲ. "ಅಕ್ಕಾ" ಅಂದಾಗ ಅದರಲ್ಲಿ ಬೇಡಿಕೆ ಮುಗಿದುಹೋಗಿತ್ತು, ಆದರೂ ಅಕ್ಕ ಅಕ್ಕನೇ ಆಗಿದ್ದಳು. "ನೀರು ಕೊಡು" ಎಂದ ಮೇಲೆ ಇಬ್ಬರೂ ಅಲ್ಲಾಡಲಿಲ್ಲ. ಡೆಲ್ಮಿ ಗುಂಡಿ ಒತ್ತುವುದನ್ನು ಮರೆತಿದ್ದಳು.

ಅದನ್ನೇ ಕಳಿಸಿದರು.

ಪಾತ್ರ ಶುಶಾನಳಿಗೆ ಸಿಗಲಿಲ್ಲ. ಲೆನೋರ್ ಫೋನು ಮಾಡಲಿಲ್ಲ, ಮೆಸೇಜು ಕಳಿಸಿದಳು: ಎಲ್ಲರಿಗೂ ತುಂಬಾ ಇಷ್ಟವಾಯಿತಂತೆ, ಸ್ಟುಡಿಯೊದವರಿಗೆ ಹೆಸರಿರುವವಳು ಬೇಕಂತೆ. ಹೆಸರಿರುವವಳು ಯಾರೆಂದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಕೂದಲಿಗೆ ಕಪ್ಪು ಹಚ್ಚಿಸಿಕೊಳ್ಳುತ್ತಾಳಂತೆ.

ಮೆಸೇಜನ್ನು ಶುಶಾನ್ ಗಟ್ಟಿಯಾಗಿ ಓದಿದಾಗ ಡೆಲ್ಮಿಯ ಹೊಟ್ಟೆ ತಣ್ಣಗಾಯಿತು. ಬಿಸಿಲಲ್ಲಿ ಬಂದು ಮಜ್ಜಿಗೆ ಕುಡಿದ ಹಾಗೆ. ಆ ತಂಪು ಇಳಿಯುವ ಮೊದಲೇ ಇನ್ನೊಂದು ಕಡೆಯಿಂದ ಉರಿ ಹತ್ತಿತು. ಆ ಕೊನೆಯ ಟೇಪಿನಂಥದ್ದು ತಮ್ಮಿಬ್ಬರಿಂದ ಇನ್ನೊಂದು ಸಲ ಆಗುವಂಥದ್ದಲ್ಲ. ಅದನ್ನು ನೋಡಿದವರು ನೋಡಿ, ತುಂಬಾ ಇಷ್ಟಪಟ್ಟು, ಪಕ್ಕಕ್ಕಿಟ್ಟಿದ್ದರು.

"ಖುಷಿಯಾಯ್ತಾ?" ಕೇಳಿದಳು ಶುಶಾನ್.

"ಆಯ್ತು," ಅಂದಳು ಡೆಲ್ಮಿ. "ಬೇಜಾರೂ ಆಯ್ತು."

"ಯಾವುದು ಜಾಸ್ತಿ?"

"ಇನ್ನೂ ಗೊತ್ತಿಲ್ಲ."

"ಗೊತ್ತಾದಾಗ ಹೇಳು," ಎಂದು ಶುಶಾನ್ ಅಂಗಡಿಗೆ ಹೊರಟುಹೋದಳು.

ಆಮೇಲೆ ಮನೆಯಲ್ಲಿ ಜಗಳವೇನೂ ಆಗಲಿಲ್ಲ. ಅಡಿಗೆ ಸರದಿ ನಡೆಯಿತು, ಕಸ ಹಾಕುವ ಸರದಿ ನಡೆಯಿತು. ಶುಶಾನ್ ಉಪ್ಪು ಕೇಳಿದರೆ ಡೆಲ್ಮಿ ಉಪ್ಪು ಕೊಟ್ಟಳು. ಜಕರಂಡಾ ಹೂ ರಸ್ತೆ ತುಂಬ ಉದುರಿ ಚಪ್ಪಲಿಗೆ ಅಂಟತೊಡಗಿತು. ಒಂದು ಮಧ್ಯಾಹ್ನ ಡೆಲ್ಮಿ ಆಸ್ಪತ್ರೆಯಿಂದ, ಅವತ್ತು ಪಿತ್ತಕೋಶದ ಕಲ್ಲು ಮುಗಿಸಿಕೊಂಡು, ಮನೆಗೆ ಬಂದಾಗ ಶುಶಾನಳ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗಿನಿಂದ ಗಂಡಸಿನ ದನಿ.

"ನಿನ್ನನ್ನು. ಬಿಟ್ಟು. ನಾನು ಬದುಕಲಾರೆ. ಎಲೆನಾ."

ವಾರ್ತ್‌ಕೆಸ್ ಮಾಮ. ಹಿಟ್ಟಿನ ಏಪ್ರನ್ನು ಬಿಚ್ಚದೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಬ್ರೆಡ್ಡಿನ ಬೆಲೆ ಓದುವ ಹಾಗೆ ಪ್ರೇಮ ನಿವೇದನೆ ಮಾಡುತ್ತಿದ್ದ.

"ಮಾಮ, ಎಲೆನಾ ಅಂತ ಕರೀಬೇಕು. ನಿಲ್ಲಿಸಿ ಹೇಳಬಾರದು."

"ಚುಕ್ಕೆ ಇದೆಯಲ್ಲಮ್ಮಾ."

"ಚುಕ್ಕೆ ಓದಬೇಡ ಮಾಮ."

"ಮತ್ತೆ ಯಾಕೆ ಹಾಕಿದಾರೆ? ಒಲೆಯಲ್ಲಿ ಬ್ರೆಡ್ಡಿದೆ, ಬೇಗ ಹೇಳು, ನಾನು ಇವಳ ಗಂಡನಾ, ಬೇರೆಯವನಾ?"

"ಬೇರೆಯವನು."

"ಥೂ," ಅಂದ ಮಾಮ. "ನಿಮ್ಮಮ್ಮನಿಗೆ ಹೇಳಬೇಡ."

ಡೆಲ್ಮಿ ಕೋಣೆಯ ಹೊರಗೇ ನಿಂತಳು. ಪಾತ್ರ ಕೈತಪ್ಪಿದಾಗ ಹತ್ತಿದ ಉರಿ ಅವಳಿಗೆ ಹಳೆಯ ಪರಿಚಯ. ಇದು ಬೇರೆ. ಅರುವತ್ತು ದಾಟಿದ, ಬೆವರುತ್ತಿರುವ, ಚುಕ್ಕೆಯನ್ನೂ ಓದುವ ಮುದುಕನೊಬ್ಬ ತನ್ನ ಕುರ್ಚಿಯಲ್ಲಿ ಕೂತಿದ್ದಾನೆ ಎಂದು ಅವಳಿಗೆ ಹೊಟ್ಟೆ ಉರಿಯಿತು. ಅವನು ಉಸಿರೆಳೆಯುವ ಜಾಗವೆಲ್ಲ ತಪ್ಪು. ಎದುರಿಗೆ ಆ ಹುಡುಗಿ ಹಿಡಿದುಕೊಳ್ಳಲು ಏನಾದರೂ ಸಿಕ್ಕೀತೇ ಎಂದು ಕತ್ತಲಲ್ಲಿ ಗೋಡೆ ತಡವುವ ಹಾಗೆ ತಡವುತ್ತಿದ್ದಾಳೆ. ಅದು ತನಗೆ ಇಲ್ಲಿಂದಲೇ, ಬಾಗಿಲ ಸಂದಿನಿಂದಲೇ ಕೇಳಿಸುತ್ತಿದೆ, ಅವನಿಗೆ ಕೇಳಿಸುತ್ತಿಲ್ಲ.

ಅವಳು ಬಾಗಿಲು ತಳ್ಳಿದಳು.

"ಮಾಮ, ನಿಮ್ಮ ಬ್ರೆಡ್ಡು ಸೀಯ್ತಿರಬಹುದು," ಅಂದಳು.

ಮಾಮ ಕಾಗದ ಕೆಳಗಿಟ್ಟು ಸೋದರಸೊಸೆಯ ಮುಖ ನೋಡಿದ. ಶುಶಾನ್ ಡೆಲ್ಮಿಯ ಮುಖ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ.

"ಇದು ನಿನಗೂ ಬಂದಿರಬೇಕಲ್ಲ," ಅಂದಳು ಕೊನೆಗೆ. "ಈ ಎಲೆನಾ."

"ಇಲ್ಲ. ನಿನಗೆ ಮಾತ್ರ."

"ಮತ್ತೆ?"

"ಹೊಟ್ಟೆ ಉರೀತಿದೆ," ಅಂದಳು ಡೆಲ್ಮಿ. "ಆದ್ರೂ ಇವರು ಓದೋದು ಕೇಳೋಕಾಗಲ್ಲ."

ಮಾಮ ಬದುಕಿದೆಯಾ ಬಡಜೀವವೇ ಎಂದು ಏಪ್ರನ್ನು ಕೊಡವುತ್ತಾ ಎದ್ದ. ಕುರ್ಚಿ ಖಾಲಿಯಾಯಿತು. ಅದರ ಮೇಲೆಲ್ಲ ಹಿಟ್ಟು. ಶುಶಾನ್ ದೀಪದ ಕಡೆ ತಿರುಗಿ, ಬೆನ್ನು ಹಾಕಿ ನಿಂತು, ಅದರ ಎತ್ತರ ಸರಿಮಾಡತೊಡಗಿದಳು.

"ಬಾಗಿಲು ಹಾಕು," ಅಂದಳು. "ರಸ್ತೆ ಸದ್ದು ಬರುತ್ತೆ."

ಒಳಗಿನಿಂದಲೋ ಹೊರಗಿನಿಂದಲೋ ಎಂದು ಹೇಳಲಿಲ್ಲ. ಡೆಲ್ಮಿ ಮಾಮನನ್ನು ದಾಟಲು ಬಿಟ್ಟು, ಒಳಗೆ ನಿಂತು ಬಾಗಿಲು ಹಾಕಿದಳು.